ಹೊರುವವರ ಪಟ್ಟಿ

ಬೂಝಿ ಹೊಳೆ ದಂಡೆಯ ನಮ್ಮೂರಲ್ಲಿ
ಸೈಕಲ್ ರಿಪೇರಿಯವಳು ನಾನು, ರಬೆಕಾ.
ಪಂಕ್ಚರಿನ ಲೆಕ್ಕ ಬರೆಯುವ ನೋಟುಬುಕ್ಕಿನ
ಹಿಂದಿನ ಪುಟದಿಂದ ಶುರುವಾಗಿತ್ತು ಇನ್ನೊಂದು ಲೆಕ್ಕ:
ನೆರೆ ಬಂದರೆ
ಯಾರನ್ನು ಯಾರು ಹೊರಬೇಕು.

ಎಡಕ್ಕೆ ನಡೆಯಲಾರದವರು, ಬಲಕ್ಕೆ ಹೆಗಲು.
ಬಸುರಿ ದುಲ್ಸೆಗೆ ತೊಮಾಸನ ದೋಣಿ.
ಕಣ್ಣು ಮಂಜಾದ ಜುಡಿತಾ ಅಜ್ಜಿಗೆ
ಶಾಲೆಯ ದೊಡ್ಡ ಹುಡುಗಿಯರಿಬ್ಬರು.
ಮುದುಕ ಫಿನಿಯಾಸನಿಗೆ ಪಕ್ಕದ ಹೊಲದ ಝಕಾರಿಯಾಸ್,
ಬದುವಿನ ಜಗಳದಲ್ಲಿ ಒಂಬತ್ತು ವರ್ಷ
ಅವನ ಮುಖ ನೋಡದವನು.

"ಅವನ ಬೆನ್ನಿಗಿಂತ ಹೊಳೆಯೇ ವಾಸಿ" ಎಂದ ಫಿನಿಯಾಸ್.
ಬರೆದದ್ದನ್ನು ನಾನು ಹೊಡೆದುಹಾಕಲಿಲ್ಲ.
ಹತ್ತಿರದ ಬೆನ್ನು ಅದೊಂದೇ.

ತಾಲೀಮಿನ ದಿನ ಊರೆಲ್ಲ ನಕ್ಕಿತು.
ಬಿರುಬಿಸಿಲು, ಹೊಳೆ ಮೊಣಕಾಲುದ್ದ,
ಆಡೊಂದು ಕೆಂಪು ಬಾವುಟದ ಅಂಚು ಮೇಯುತ್ತಿತ್ತು.
ಸೀಟಿ ಊದುತ್ತ, ಒಬ್ಬರನ್ನೊಬ್ಬರು ಹೊತ್ತು
ಶಾಲೆಯ ದಿಬ್ಬಕ್ಕೆ ಓಡಿದೆವು.
ಝಕಾರಿಯಾಸ್ ಬಗ್ಗಿ ನಿಂತೇ ಇದ್ದ. ಮುದುಕ
ಕೋಲೂರಿಕೊಂಡು ಬಂದ, ಎಲ್ಲರಿಗಿಂತ ಕೊನೆಗೆ,
ಹಂಚಿದ ಕಡಲೆಕಾಯಿ ಮುಗಿದ ಮೇಲೆ.

ಮಳೆಗಾಲದ ಕೊನೆಗೆ ಗಾಳಿ ಬಂತು.
ರೇಡಿಯೋ ಹೇಳಿದ್ದು ನಾಳೆ; ಹೊಳೆ ಬಂದದ್ದು ಅದೇ ರಾತ್ರಿ.
ಕತ್ತಲಲ್ಲಿ ಬಾವುಟ ಯಾವ ಬಣ್ಣವಾದರೇನು,
ತುಟಿ ಒಡೆಯುವ ತನಕ ಸೀಟಿ ಊದಿದೆ.
ಆಮೇಲೆ ಕೇಳಿದ್ದು ಬರೀ ಹೆಸರುಗಳು:
ನೀರಿನ ಮೇಲೆ ಯಾರೋ ಯಾರನ್ನೋ ಕೂಗುವುದು,
ಓಗೊಡುವುದು.

ಬೆಳಗಾದಾಗ ದಿಬ್ಬದ ಮೇಲೆ ಎಣಿಸಿದೆ.
ಎಷ್ಟು ಸಲ ಎಣಿಸಿದರೂ ಇಬ್ಬರು ಕಡಿಮೆ.
ತೊಮಾಸ್, ಮತ್ತು ಹುಟ್ಟು ಹಾಕುವ ಹುಡುಗ.
ದುಲ್ಸೆಯನ್ನು ಇಳಿಸಿ ಮತ್ತೊಮ್ಮೆ ಹೋಗಿದ್ದರಂತೆ,
ಪಟ್ಟಿಯಲ್ಲಿಲ್ಲದ ಯಾರೋ ಕೂಗಿದರೆಂದು.

ಈಗ ಕೆಸರು.
ಗೋಡೆಗೆ ಮಣ್ಣು ಕಲಸುವ ಕೈಗಳಿಗೂ ಪಟ್ಟಿ ಬೇಕು,
ಬಿತ್ತುವ ಜೋಳಕ್ಕೆ, ಊರಿಗುಳಿದ ಮೂರು ಗುದ್ದಲಿಗೆ,
ತೊಮಾಸನ ಮಕ್ಕಳಿಗೆ ಯಾವ ದಿನ ಯಾರ ಒಲೆ.
ಒದ್ದೆ ನೋಟುಬುಕ್ಕಿನ ಹಾಳೆ ಹಾಳೆ ಬಿಡಿಸುತ್ತ
ಬಿಸಿಲಲ್ಲಿ ಕೂತಿದ್ದೆ. ಫಿನಿಯಾಸ್ ಬಂದ.
"ಅವನ ಬೆನ್ನುಮೂಳೆ ಚುಚ್ಚುತ್ತದೆ ಕಣೇ,
ಮುಂದಿನ ಸಲ ಒಂದು ಗೋಣಿ ಮಡಚಿ ಹಾಕಿಕೊಳ್ಳಲಿ."
ಆಮೇಲೆ, ಓದು ಬಾರದವನು, ಬೆರಳಿಟ್ಟು ಕೇಳಿದ:
"ಇದರಲ್ಲಿ ನೀನೆಲ್ಲಿ?"

ಎಡದಲ್ಲಿ ಹುಡುಕಿದೆ. ಬಲದಲ್ಲಿ ಹುಡುಕಿದೆ.

ಪೆನ್ನು ಕಸಿದುಕೊಂಡ. ಅಕ್ಷರ ಕಾಣದ ಕೈ
ಪುಟದ ಬುಡದಲ್ಲಿ ಒಂದು ಸೈಕಲ್ ಬರೆಯಿತು,
ಎರಡು ಸೊಟ್ಟ ಸೊನ್ನೆ, ನಡುವೆ ಗೆರೆ;
ಅದರೆದುರು ಒಂದು ಊರುಗೋಲು.
"ನಿನ್ನನ್ನು ಹೊರಲಾರೆ," ಎಂದ.
"ಎಲ್ಲಿದ್ದೀಯಾ ಅಂತ ಕೂಗುತ್ತೇನೆ."