ಎರಡೂವರೆಯ ಗುರುತು

ಹಿಮ ಬೀಳದ ಊರು ನಮ್ಮದು.
ಇಲ್ಲಿ ಓದಲು ಸಿಗುವುದು ಕೆಸರು,
ಪುಷ್ಯದಲ್ಲಿ ಕೆರೆ ದಿನಕ್ಕೊಂದು ಗೇಣು ಹಿಂದೆ ಸರಿದು
ಬಿಟ್ಟುಕೊಡುವ ಕರಿ ಗೋಡು,
ಆಗಷ್ಟೇ ಒರೆಸಿಟ್ಟ ಸ್ಲೇಟು.

ಬೆಳಗಿನ ಆರೂ ಮುಕ್ಕಾಲು, ಸೋಮಪ್ಪನ ಕಟ್ಟೆ.
ಕನಕಪುರ ರಸ್ತೆಯ ದೀಪಗಳಿಗೆ ಇನ್ನೂ ಮಂಜಿನ ಮಂಕಿಕ್ಯಾಪು.
ಏಳು ಜನ ಬಂದಿದ್ದಾರೆ.
ಟೆಲಿಫೋನ್ ಕಾರ್ಖಾನೆಯಿಂದ ನಿವೃತ್ತರಾದ ಫಿಲೋಮಿನಾ ಮೇಡಂ, ಕೈಲಿ ಫ್ಲಾಸ್ಕು;
ಮೊಳದುದ್ದ ಲೆನ್ಸು ಹೊತ್ತ ಹುಡುಗನೊಬ್ಬ;
ಏಳನೇ ಕ್ಲಾಸಿನ ಹಂಸವೇಣಿ, ಪ್ರಾಜೆಕ್ಟಿಗೆ ಹತ್ತು ಮಾರ್ಕು;
ಅವಳನ್ನು ಬಿಡಲು ಬಂದು ಏರಿಯ ಮೇಲೇ ಉಳಿದ ಅಪ್ಪ,
ತಿಮ್ಮರಾಯ. ಲಾರಿ ಡ್ರೈವರು. ಕಣ್ಣಲ್ಲಿ ಕೆಂಪು ನಿದ್ದೆ.
"ನೀವೂ ಇಳೀರಿ" ಅಂದೆ.
"ಇರ್ಲಿ ಬಿಡಕ್ಕ."

ಮೊದಲ ಪಾಠ: ಕೂರಿ.
ನಿಂತವರಿಗೆ ನೆಲ ಏನೂ ಹೇಳುವುದಿಲ್ಲ.
ಸೂರ್ಯನಿಗೆ ಎದುರಾಗಿ ಕೂರಿ, ಈ ತಿಂಗಳು ಅವನ ಬೆಳಕು ಓರೆ,
ಓರೆ ಬೆಳಕಿಗೇ ತಗ್ಗುಗಳೊಳಗೆ ನೆರಳು ತುಂಬುವುದು.
ಹನ್ನೊಂದಕ್ಕೆ ಬಂದರೆ ಪುಟವೆಲ್ಲ ಖಾಲಿ.

ಇದು ಕುಂಡೆಕುಸ್ಕ. ಹಿಮಾಲಯ ದಾಟಿ ಬಂದದ್ದು
ಮೊಳೆಯಿಂದ ಗೀರಿದಷ್ಟು ತೆಳ್ಳಗೆ ಓಡಿದೆ.
ಇದು ಬೆಕ್ಕು, ಉಗುರು ಒಳಗಿಟ್ಟುಕೊಂಡು ಬಂದಿದೆ.
ಐದು ಬೆರಳು ಎಣಿಸಿದಿರಾ? ಪುನುಗು.
ಅತ್ತಿ ಹಣ್ಣಿನ ಬೀಜ ಅಲ್ಲೇ ಕಲ್ಲಿನ ಮೇಲೆ, ರಸೀದಿ ಹಾಗೆ.
ಇವೆರಡು ನೋಡಿ: ನಾಯಿ, ನರಿ.
ನಾಯಿ ಸಂತೆಗೆ ಬಂದವನಂತೆ ಅಲ್ಲಿ ಇಲ್ಲಿ ಮೂಸಿದೆ.
ನರಿ ನೂಲು ಹಿಡಿದಂತೆ ನೆಟ್ಟಗೆ,
ಮುಂಗಾಲಿಟ್ಟಲ್ಲೇ ಹಿಂಗಾಲಿಟ್ಟು,
ಎಲ್ಲಿಗೋ ಹೊರಟಿದೆ.

"ಪ್ರಾಣಿ ಎಲ್ಲಿ?" ಲೆನ್ಸಿನ ಹುಡುಗ.
"ಹೋಯ್ತಲ್ಲ!" ಫಿಲೋಮಿನಾ ಮೇಡಂ ನಕ್ಕು
ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿದರು.
ಯಾರದೋ ಹಿತ್ತಿಲಿನಿಂದ ಅವರೆಯ ಸೊಗಡು ಬಂತು, ನಿಂತಿತು.

ನೂಲು ಹಿಡಿದು ನಡೆದೆವು.
ಅದು ತಲುಪಿದ್ದು ಟೈರಿನ ಗುರುತಿಗೆ.
ಮೂರು ತಿಂಗಳಿಂದ ಈ ಲಾರಿಗೆ ಶಾಪ ಹಾಕುತ್ತಿದ್ದೇನೆ,
ಒಡೆದ ಮನೆಗಳ ಇಟ್ಟಿಗೆ, ಕಮೋಡು, ಬಾತ್‌ರೂಮ್ ಟೈಲ್ಸು ತಂದು
ಕೆರೆಯ ಬಾಯಿಗೆ ಸುರಿಯುವ ಲಾರಿ.
ಐದು ಅರ್ಜಿ ಕೊಟ್ಟಿದ್ದೆ. ಸಿಕ್ಕಿದರೆ ಹೇಳಲೆಂದು
ನಾಲ್ಕು ಮಾತು ಬಾಯಿಪಾಠ ಮಾಡಿಟ್ಟಿದ್ದೆ.

"ಅಂಚಲ್ಲಿ ಒಂದು ಕಚ್ಚು ಇದೆ" ಎಂದಳು ಹಂಸವೇಣಿ,
"ಹತ್ತಡಿಗೊಂದು ಸಲ ಬರ್ತದೆ."
ಒಳ್ಳೆ ಕಣ್ಣು. ಮುಂದಿನದನ್ನು ಕೇಳಿದೆ:
ಯಾರು ಮೊದಲು? ಲಾರಿಯೋ, ನರಿಯೋ?
ಅವಳು ಅಂಗಾತ ಬಿದ್ದವಳಂತೆ ಕೆನ್ನೆ ನೆಲಕ್ಕೊರಗಿಸಿ ನೋಡಿದಳು.
ಟೈರಿನ ದಿಂಡುಗಳು ಪಾದದಡಿ ಮುರಿದಿದ್ದವು.
"ಲಾರಿ ಮೊದಲು."

ಎಕ್ಕದ ಗಿಡದ ಹಿಂದೆ ಇನ್ನೊಂದು ಕಂಡಿತು.
ಮುಂಗಾಲೆರಡು ಆಳಕ್ಕೆ ಊರಿ,
ಹಿಂದೆ ಬಾಲ ಗುಡಿಸಿದ ಅರೆಚಂದ್ರ.
ಕೂತಿತ್ತು. ತುಂಬ ಹೊತ್ತು.
ಮುಖ, ಲಾರಿ ನಿಂತ ಕಡೆಗೆ.

ಏರಿಯಿಂದ ಯಾವಾಗ ಇಳಿದನೋ ತಿಮ್ಮರಾಯ,
ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದಿದ್ದ.
ಕಚ್ಚಿನ ಮೇಲೆ ಬೆರಳಿಟ್ಟ,
ಮನೆಯ ಬೀಗ ತಡಕುವವನ ಹಾಗೆ.

"ಎರಡೂವರೆಗೆ ಅನ್‌ಲೋಡು ಮಾಡಿದ್ದು.
ಲೈಟು ಆರಿಸಿದ್ದೆ.
ಯಾರೂ ನೋಡ್ತಿಲ್ಲ ಅಂದ್ಕೊಂಡಿದ್ದೆ."

ನನ್ನ ನಾಲ್ಕು ಮಾತು ಬಾಯಿಗೆ ಬಂದವು,
ಅಲ್ಲೇ ಕೂತವು.
ಫಿಲೋಮಿನಾ ಮೇಡಂ ಉಳಿದ ಕಾಫಿಯನ್ನು ಅವನತ್ತ ಚಾಚಿದರು.
ಅವನು ತೆಗೆದುಕೊಳ್ಳಲಿಲ್ಲ, ಬೇಡವೆನ್ನಲೂ ಇಲ್ಲ.

ಹಂಸವೇಣಿ ಸ್ಕೇಲಿಟ್ಟು ಅಳೆದು ಬರೆಯುತ್ತಿದ್ದಳು:
ಕುಂಡೆಕುಸ್ಕ. ಬೆಕ್ಕು. ಪುನುಗು. ನಾಯಿ. ನರಿ.
ಪೆನ್ನು ನಿಂತಿತು.
"ಅಪ್ಪಾ, ನಿಂದೂ ಬರೀಲಾ?"

ಮಂಜು ಕರಗಿ ಆಚೆ ದಡದ ಅಪಾರ್ಟ್‌ಮೆಂಟುಗಳು
ಒಂದೊಂದೇ ಅಂತಸ್ತು ಹೊರಗೆ ಬರುತ್ತಿದ್ದವು.

"ಬರಿ" ಅಂದ.
ಆಮೇಲೆ, "ಟೈಮೂ ಹಾಕು."