ಎಡಗಿವಿಯ ಸುಣ್ಣ

ಮೆಜೆಸ್ಟಿಕ್ಕಿನಲ್ಲಿ ಬಾಗಿಲ ಹತ್ತಿರ ಬಂದು ಆ ಹಿರಿಯರು
ವಿಜಯನಗರವಾ ಅಂತ ಕೇಳಿದ್ದರಂತೆ.
ನನ್ನ ಎಡಗಿವಿಗೆ ಹತ್ತಿದ್ದು ಬರೀ ಜಯನಗರ.
ವಿ ಅನ್ನುವ ಒಂದಕ್ಷರ
ಫುಟ್‌ಬೋರ್ಡಿನಲ್ಲೇ ಕಾಲು ಜಾರಿ ಇಳಿದುಹೋಗಿತ್ತು.
ಹೂಂ ಹತ್ತಿ, ಹತ್ತಿ, ಅಂದೆ.
ನಾಲ್ಕನೇ ಬ್ಲಾಕಿನಲ್ಲಿ ಇಳಿದು
ಮಗಳ ಮನೆ ಮುಂದಿನ ಬೇವಿನ ಮರ ಹುಡುಕುತ್ತ
ಸಂಜೆ ಏಳರ ತನಕ ಅಲೆದರಂತೆ
ಕೈಯಲ್ಲಿ ಹಲಸಿನ ತೊಳೆಯ ಡಬ್ಬಿ ಹಿಡಿದು.
ಡಿಪೋಗೆ ದೂರು ಬಂತು, ನನ್ನ ಬಿಲ್ಲೆ ನಂಬರಿನ ಸಮೇತ.

ವಿಕ್ಟೋರಿಯಾದಲ್ಲಿ ಡಾಕ್ಟರ್ ತಸ್ನೀಮ್
ಕಿವಿಯೊಳಗೆ ದೀಪದ ಕೊಳವೆ ಇಟ್ಟು
ಪರದೆಯನ್ನು ನನ್ನ ಕಡೆ ತಿರುಗಿಸಿದರು.
ಇದೇ ನಿಮ್ಮ ಕಿವಿತಮಟೆ.
ಎಳೆ ವೀಳ್ಯದೆಲೆಯಂಥ ತೆಳು ಚರ್ಮ,
ಅದರ ಮೇಲೆ ಯಾರೋ ತೋರುಬೆರಳಲ್ಲಿ
ಅರೆಚಂದ್ರದ ಹಾಗೆ ಸುಣ್ಣ ಸವರಿದ್ದಾರೆ.
ಯಾರು ಅಂತ ನನಗೆ ಗೊತ್ತು ಅಂದುಕೊಂಡೆ.

ಶ್ರೀರಾಂಪುರದ ವಠಾರ. ನನಗೆ ಆರು ವರ್ಷ.
ಕಿವಿ ಸೋರಿ ಸೋರಿ ದಿಂಬಿನ ಗವಸು ನಾರುತ್ತಿತ್ತು.
ಅಜ್ಜಿ ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡೇ
ತೊಡೆ ಮೇಲೆ ನನ್ನ ತಲೆ ಒತ್ತಿ ಹಿಡಿದು
ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡುತ್ತಿದ್ದಳು.
ಕಿರುಚಿದರೆ, ಆಯ್ತು ಆಯ್ತು, ಇನ್ನೊಂದೇ ತೊಟ್ಟು.
ನಲವತ್ತು ವರ್ಷ ಅವಳನ್ನೇ ಬೈದೆ,
ಸತ್ತ ಮೇಲೂ.

ಅಲ್ಲಮ್ಮ, ಅಂದರು ಡಾಕ್ಟರು,
ಕೀವು ಕಟ್ಟಿ ಒಡೆದು, ಕಟ್ಟಿ ಒಡೆದು
ಕೊನೆಗೆ ನಿಮ್ಮ ಮೈಯೇ ಬಿರುಕಿಗೆ ಗಾರೆ ಮೆತ್ತಿಕೊಂಡಿದೆ.
ಒಳಗಿನ ಪುಟ್ಟ ಮೂಳೆಗಳಿಗೂ ಹತ್ತಿದೆ,
ಅವು ಬಿಗಿದು ನಿಂತಿವೆ.
ಆಪರೇಷನ್ ಮಾಡಬಹುದು. ಮತ್ತೆ ಬಿಗಿಯಲೂಬಹುದು.

ಒಂದು ಕಿವಿಗೆ ಬೆಣ್ಣೆ, ಒಂದು ಕಿವಿಗೆ ಸುಣ್ಣ.
ಬಡಿಸಿದವಳು ನಾನೇ.

ಆಮೇಲೆ ಕಬ್ಬಿಣದ ಕವಲೊಂದನ್ನು ಮೊಣಕೈಗೆ ಬಡಿದು
ನನ್ನ ಹಣೆಯ ನಡುವೆ ಊರಿದರು.
ಯಾವ ಕಡೆ ಕೇಳುತ್ತೆ?
ನಾಚಿಕೆಯಾಯಿತು. ತಪ್ಪು ಅಂತ ಗೊತ್ತಿದ್ದೂ ಅಂದೆ,
ಎಡಗಡೆ.
ಸರಿಯಾಗಿದೆ, ಅಂತ ಬರೆದುಕೊಂಡರು.
ಗಾಳಿಯಲ್ಲಿ ಬರುವವರಿಗೆ ಮುಂಬಾಗಿಲು ಮುಚ್ಚಿದೆ;
ಮೂಳೆ ಹಿಡಿದು ಬರುವವರು
ಹಿಂಬಾಗಿಲಿಂದ ಹತ್ತಿ ಸೀಟು ಹಿಡಿಯುತ್ತಾರೆ.

ಈಗ ಬಲಗಿವಿ ಬಾಗಿಲಿಗೆ ಕೊಟ್ಟು ನಿಲ್ಲುತ್ತೇನೆ.
ಎಡಗಡೆಯಿಂದ ಯಾರಾದರೂ ಕಂಡಕ್ಟ್ರೇ ಅಂದರೆ
ಬಲಕ್ಕೆ ತಿರುಗುತ್ತೇನೆ, ಕಾಲೇಜು ಹುಡುಗಿಯರು ನಗುತ್ತಾರೆ.
ನಗಲಿ.

ಕೊನೇ ಟ್ರಿಪ್ಪಿನಲ್ಲಿ, ಬನಶಂಕರಿ ದಾಟಿ ಬಸ್ಸು ಖಾಲಿಯಾದಾಗ
ಕಿಟಕಿಯ ಸರಳಿಗೆ ಎಡ ಕಪಾಲ ಆನಿಸುತ್ತೇನೆ.
ಇಡೀ ಬಸ್ಸು ತಲೆಯೊಳಗೆ ಬಂದು ಕೂರುತ್ತದೆ.
ಒಂದು ರಾತ್ರಿ ಅಂದೆ, ಮುನಿವೆಂಕಟಪ್ಪ,
ಹಿಂದಿನ ಎಡಗಾಲಿ ಯಾಕೋ ಗೊಣಗ್ತಾ ಇದೆ.
ನಂಗೇನೂ ಕೇಳಿಸ್ತಿಲ್ವಲ್ಲಮ್ಮ, ಅಂದ ಡ್ರೈವರು,
ನಿಂಗೆ ಕೇಳಿಸ್ತಾ!
ಮಾರನೇ ದಿನ ಶೆಡ್ಡಿನಲ್ಲಿ ಸವೆದ ಬೇರಿಂಗ್ ಬಿಚ್ಚಿದರು.
ಅವನು ಆ ಮಾತು ಎತ್ತಲೇ ಇಲ್ಲ, ಟೀ ಕೊಡಿಸಿದ.

ವಿಜಯನಗರ ಅಂದಿರಾ, ಜಯನಗರ ಅಂದಿರಾ?
ಎರಡೆರಡು ಸಲ ಕೇಳುತ್ತೇನೆ ಈಗ,
ಯಶವಂತಪುರ ಅಂದವರನ್ನೂ.