ಸೀಜನ್ ಮುಗಿದ ಮ್ಯಾಲ

ಕೂಲರ್ ಮಾರಿಬಿಟ್ಟಿವಿ ಮೊನ್ನೆ ಮಂಗಳವಾರ,
ನಲವತ್ತಮೂರು ಡಿಗ್ರಿ ಬಿಸಲಾಗ.
ಕೊಂಡವ ಆಟೋದಾಗ ಇಟಗೊಂಡು ಹೋಗುವಾಗ
ಅದರ ಹುಲ್ಲು ಇನ್ನೂ ಹಸಿ ಇತ್ತು.
ಓಣಿ ತುಂಬಾ ನಮ್ಮ ಮನಿ ವಾಸನಿ
ಚೆಲ್ಲಿಕೋತ ಹೋಯ್ತು.

'ಸಮುದ್ರದ ಬಾಜೂಕ ಇರೋರಿಗೆ ಕೂಲರ್ ಯಾಕ ಬೇಕು'
ಅಂದಳು ಮಹಬೂಬಬಿ.
ಅಕಿ ಸಮುದ್ರ ನೋಡಿಲ್ಲ.
ನಾನು ನೋಡೀನಿ, ನಲವತ್ತು ಮಿನಿಟು.

ಹತ್ತೊಂಬತ್ತು ವರ್ಷದ ಹಿಂದ, ಖಣಿ ಮಂದಿಯ ಟ್ರಿಪ್ಪು.
ಶಹಾಬಾದದಿಂದ ಮುರ್ಡೇಶ್ವರ, ಎರಡು ಪಂಕ್ಚರು.
ಮುಟ್ಟಿದ್ದೇ ತಡಾಗಿ, ಡ್ರೈವರ್ ಹಾರ್ನ್ ಒತ್ತಿಕೋತನೇ ಇದ್ದ.
ನಮ್ಮವರು ಪ್ಯಾಂಟು ಮೊಣಕಾಲಿಗೆ ಮಡಚಿ ನಿಂತಿದ್ದರು,
ನಾನು ಚಪ್ಪಲಿ ಕೈಯಾಗ ಹಿಡಕೊಂಡು.
ತೆರಿ ತಿರುಗಿ ಹೋಗುವಾಗ
ಹಿಮ್ಮಡದ ಕೆಳಗಿನ ಉಸುಕು ಜಗ್ಗಿತು ನೋಡ್ರಿ,
ಭೂಮಿನೇ ಹೊಂಟತಂತ ಅವರ ಅಂಗಿ ಹಿಡದೆ.
ಮದುವ್ಯಾಗಿ ಹನ್ನೊಂದು ವರ್ಷಕ್ಕ, ಅಷ್ಟು ಮಂದಿ ಮುಂದ,
ಮೊದಲನೇ ಸಲ.

ಈಗ ಮಾದೇವ ನಾಯ್ಕರ ಫೋನು.
ಲಾಡ್ಜಿಗೆ ನಮ್ಮ ಕಡಿಂದೇ ಫರಸಿ ತರಿಸಿಕೊಂಡಿದ್ದವರು.
'ಸೀಜನ್ನಿಗೆ ಹುಡುಗರು ಎಷ್ಟು ಬೇಕಾದ್ರೂ ಸಿಗ್ತಾರೆ ಮಾರಾಯ್ರೆ,
ಮಳೆಗಾಲಕ್ಕೆ ಒಬ್ಬನೂ ನಿಲ್ಲೂದಿಲ್ಲ.
ವರ್ಷಪೂರ್ತಿ ಇರುವ ಗಂಡ-ಹೆಂಡತಿ ಬೇಕು.'
ಫೋನ್ ನಾನೇ ಹಿಡದಿದ್ದೆ.
ಇವರ ಎಡಗಿವಿ ಕಲ್ಲು ಕೊಯ್ಯೋ ಮಷೀನಿಗೆ ಹೋಗಿ
ಆರು ವರ್ಷಾತು.

ಕಿವಿ ಸುದ್ದಿ ಬಂತಂತ ಹೇಳ್ತೀನಿ:
ಒಮ್ಮೆ ಇಂಜಿನಿಯರ್ ಒಬ್ಬ ಖಣ್ಯಾಗ ಇಳದು
'ಸಾಯಿಬಣ್ಣ, ಈ ಫರಸಿ ಅಂದ್ರ ಹಳೇ ಸಮುದ್ರದ ತಳ' ಅಂದಿದ್ದನಂತ.
ಮಷೀನಿನ ಸಪ್ಪಳದಾಗ ಇವರಿಗೆ ಕೇಳಿಸಿದ್ದು ಬರೇ
'ಸಮುದ್ರ' ಮತ್ತ 'ತಳ'.
ತಳಕ್ಕ ನೀರು ಬಂದಾವಂತ ಓಡಿಹೋಗಿ
ಪಂಪ್ ಚಾಲೂ ಮಾಡಿದ್ದರು.
ಒಣ ಪಂಪು ಅರ್ಧ ತಾಸು ಓಡಿ ಸುಟ್ಟುಹೋಯ್ತು.
ರೊಕ್ಕ ಪಗಾರದಾಗ ಮುರಕೊಂಡರು.

ಹದಿನಾಲ್ಕು ಖೋಲಿ ಅವ ಅಂತ.
ಜೂನಿನಿಂದ ಸಪ್ಟೆಂಬರ್ ತನಕ ಯಾರೂ ಬರಂಗಿಲ್ಲ.
ದಿನಕ್ಕೊಂದು ತಾಸು ಒಂದೊಂದರ ಫ್ಯಾನ್ ಹಚ್ಚಬೇಕು,
ಗಾದಿಗೆ ಬೂಸಲು ಹಿಡಿಬಾರದಂತ.
ಅಂಗಡಿ ಎಲ್ಲಾ ನೀಲಿ ತಾಡಪಾಲ ಹೊದಕೊಂಡಿರ್ತಾವ,
ಗೊಂಬಿ ಮಾರೋರು, ಫೋಟೋ ತೆಗಿಯೋರು ಊರು ಬಿಟ್ಟಿರ್ತಾರ.
ಇಡೀ ನಾಡು ಸೂಟಿ ಮುಗಿಸಿ ಬಸ್ ಹತ್ತುವಾಗ
ನಾವು ಟ್ರಂಕ್ ಹೊತ್ತುಕೊಂಡು ಇಳಿಯೋರು.

ಓಣ್ಯಾಗ ಒಬ್ಬೊಬ್ಬರೂ ಬಂದು ಹೇಳಿಹೋದರು:
'ಇನ್ನ ಚಿಂತಿಲ್ಲ ಕಸ್ತೂರಬಾಯಿ, ನಿಮ್ಮಲ್ಲೇ ಇಳಕೋತೀವಿ.'
ಬರ್ರೆವಾ, ಬರ್ರಿ.
ಡಿಸೆಂಬರ್ ಬ್ಯಾಡ, ರೇಟು ಭಾಳ ಇರ್ತದ.
ಜುಲೈದಾಗ ಬರ್ರಿ,
ಯಾರೂ ಇಲ್ಲದಾಗ.

ಒಂದ ಹೆದರಿಕಿ ಅದ, ಯಾರಿಗೂ ಹೇಳಿಲ್ಲ.
ಖಡಕ್ ರೊಟ್ಟಿ ಮಾಡಿ ಅರಿವ್ಯಾಗ ಕಟ್ಟಿಟ್ಟರ
ಇಲ್ಲಿ ತಿಂಗಳಾದರೂ ಮುರದರ ಸಪ್ಪಳ ಬರ್ತದ.
ಅಲ್ಲಿ ಹವಾ ಹಸಿ ಅಂತಾರ,
ರಾತ್ರಿ ಕಳಿಯೂದರಾಗ ಮೆತ್ತಗ, ಕಿವಿಯಂಗ ಜೋತು ಬೀಳ್ತಾವಂತ.
ಆದರೂ ಅರವತ್ತು ಬಡದೀನಿ.
ಡಬ್ಬಿ ಬಾಯಿಗೆ ಮೇಣ ಹಚ್ಚೀನಿ.
ಮೊದಲನೇ ವಾರ ಆದರೂ
ತಾಟಿನಾಗ ನಮ್ಮೂರಿನ ಸಪ್ಪಳ ಇರಲಿ,
ಬಲಗಿವಿ ಕಡಿ ಕೂಡಿಸಿಕೊಂಡು ಊಟಕ್ಕ ನೀಡ್ತೀನಿ.

ನಸಿಕಿನ್ಯಾಗ ಟೆಂಪೋ ಬರ್ತದ.
ಖಾಲಿ ಮನ್ಯಾಗ ಮಾತಾಡಿದರ ಮಾತು ತಿರುಗಿ ಬರ್ತದ,
ಇವರಿಗೆ ಕೇಳಿಸಂಗಿಲ್ಲ, ನನಗ ಎರಡು ಸಲ.
ದಿನಾ ಮಾಡಿದಂಗ, ಸಂಜಿಮುಂದ,
ಮಲಗೋ ಮೊದಲು ಫರಸಿ ಮ್ಯಾಲ ಒಂದು ಕೊಡ ನೀರು ಸುರುವಿದೆ.
ಸುಂಯ್ ಅಂತು, ಕುಡೀತು,
ಹಬಿ ಎದ್ದು ಕಾಲಿಗೆ ಬಡೀತು.
ಕೊಡದಾಗ ಇನ್ನೂ ಅರ್ಧ ಇತ್ತು.
ನಾಳಿಗೆ ಯಾರಿಗೆ ಉಳಿಸಬೇಕು,
ಅದನ್ನೂ ಸುರುವಿದೆ.
ಮೂಲಿ ಸಪಾಟ ಇರಲಿಲ್ಲಂತ ಕಾಣ್ತದ,
ನೀರು ಹರದು ಬಂದು
ಕುಂತಿದ್ದವರ ಹಿಮ್ಮಡ ಮುಟ್ಟಿತು.
ನಮ್ಮವರು ನಿದ್ದಿಗಣ್ಣಾಗ
ಪ್ಯಾಂಟು ಮ್ಯಾಲೆ ಮಡಚಿದರು.